ಅಮೀನರು ಕೊಳಗದ ಹೆಸರು ಕೇಳಿದ್ದು

ನನಗೊಂದು ಕೆಟ್ಟ ಚಾಳಿ ಇದೆ. ಯಾರ ಮನೆಗೆ ಹೋದರೂ ಕುಡಿಯೋಕೆ ನೀರು ಕೊಟ್ಟರೆ, ಮೊದಲು ಲೋಟವನ್ನು ತಿರುಗಿಸಿ ತಿರುಗಿಸಿ ಅದರ ಮೇಲೆ ಏನು ಬರೆದಿದೆ ಅಂತ ಓದುತ್ತೇನೆ. ನೀರು ಕುಡಿಯೋದು ಆಮೇಲೆ. ಒಮ್ಮೆ ಬೀಗರ ಮನೆಯಲ್ಲಿ, ಬುಡದಲ್ಲೂ ಏನೋ ಬರೆದಿರಬಹುದು ಅಂತ ಲೋಟವನ್ನು ತಲೆಯ ಮೇಲೆ ಎತ್ತಿ ನೋಡಲು ಹೋಗಿ ಹೊಸ ಅಂಗಿಯ ಮೇಲೆ ಪೂರಾ ನೀರು ಸುರಿದುಕೊಂಡೆ. ಬೀಗರು ಪಾಪ, ಲೋಟ ಸರಿಯಾಗಿ ತೊಳೆದಿಲ್ಲ ಅಂತ ನಾನು ಪರೀಕ್ಷೆ ಮಾಡುತ್ತಿದ್ದೇನೆ ಅಂದುಕೊಂಡು ಮುಖ ಸಣ್ಣದು ಮಾಡಿಕೊಂಡರು.

ವಿಷಯ ಅದಲ್ಲ. ನಾನು ಪಾತ್ರೆಗೆ ಹೆಸರು ಹಾಕುವವನು. ಹೊಳಲ್ಕೆರೆ ಪೇಟೆಯಲ್ಲಿ ಒಂದು ಸ್ಟೀಲ್ ಪಾತ್ರೆ ಅಂಗಡಿಯ ಜಗಲಿಯ ಮೇಲೆ ನನ್ನದೊಂದು ಸ್ಟೂಲು, ಒಂದು ಟೇಬಲ್ಲು, ಕೈಯಲ್ಲಿ ಹಿಡಿಯುವ ಒಂದು ಪುಟ್ಟ ಕರೆಂಟಿನ ಮೆಷಿನ್ನು. ಟರ್ರ್ ಅಂತ ಚುಕ್ಕಿ ಚುಕ್ಕಿಯಾಗಿ ಅಕ್ಷರ ಕೊರೆಯುತ್ತದೆ. ನಿಮ್ಮ ಮನೆಯ ತಟ್ಟೆಯ ಅಂಚಿನಲ್ಲಿ 'ಪ್ರೀತಿಯಿಂದ, ಸೋದರಮಾವ' ಅಂತ ಸ್ವಲ್ಪ ಬಲಕ್ಕೆ ವಾಲಿದ ಅಕ್ಷರದಲ್ಲಿ ಬರೆದಿದ್ದರೆ, ಅದು ನನ್ನದೇ ಕೈ ಇರಬಹುದು. ದುರ್ಗದ ಕೋಟೆಯ ಬಂಡೆಗಳ ಮೇಲೆ ಶಾಸನ ಕೊರೆದವರು ನಮ್ಮ ಹಿಂದಿನವರು ಅಂತ ನಾನು ಆಗಾಗ ಜಂಬ ಕೊಚ್ಚಿಕೊಳ್ಳುವುದುಂಟು. ರಕ್ತ ಸಂಬಂಧ ಏನೂ ಇಲ್ಲ, ವೃತ್ತಿ ಸಂಬಂಧ ಅಷ್ಟೆ. ಅವರೂ ಯಾರು ಯಾರಿಗೆ ಏನು ಕೊಟ್ಟರು ಅಂತಲೇ ಬರೆದರು, ನಾನೂ ಅದನ್ನೇ ಬರೆಯುತ್ತೇನೆ. ಅವರು ಕೊನೆಯಲ್ಲಿ, ಕೊಟ್ಟದ್ದನ್ನು ಕಿತ್ತುಕೊಂಡವನು ಹುಳುವಾಗಿ ಹುಟ್ಟಲಿ ಅಂತ ಒಂದು ಶಾಪ ಸೇರಿಸುತ್ತಿದ್ದರು. ಲೋಟದ ಮೇಲೆ ಅಷ್ಟು ಜಾಗ ಇರುವುದಿಲ್ಲ.

ನನ್ನ ಕೂಲಿ ಅಕ್ಷರಕ್ಕೆ ಇಷ್ಟು ಅಂತ. ಇದರಿಂದಾಗಿ ಕನ್ನಡ ವ್ಯಾಕರಣದ ದೊಡ್ಡ ದೊಡ್ಡ ಚರ್ಚೆಗಳು ನಮ್ಮ ಜಗಲಿಯ ಮೇಲೆ ನಡೆದಿವೆ. 'ಮ್ಮ' ಅನ್ನುವುದು ಒಂದು ಅಕ್ಷರವೋ ಎರಡೋ? ಪಂಡಿತರನ್ನು ಕೇಳಿದರೆ ಒಂದೇ ಅನ್ನುತ್ತಾರೆ. ಅವರೇನು, ಬಾಯಲ್ಲಿ ಹೇಳಿ ಹೋಗುತ್ತಾರೆ. ಒತ್ತು ಕೊರೆಯುವ ನನ್ನ ಬೆರಳಿಗೆ ಎರಡು. ಗಂಗಮ್ಮ ಅಂತ ಹೆಸರು ಹಾಕಿಸಿದ ಹೊಸದುರ್ಗದ ಕಡೆಯ ಯಜಮಾನರೊಬ್ಬರು ಒತ್ತಿಗೆ ದುಡ್ಡು ಕೊಡೋಕೆ ಹೇಗೋ ಒಪ್ಪಿಕೊಂಡರು. 'ಗಂ' ಪಕ್ಕದ ಸೊನ್ನೆಯನ್ನೂ ನಾನು ಲೆಕ್ಕ ಹಿಡಿದಾಗ ಮಾತ್ರ ಎದ್ದು ನಿಂತುಬಿಟ್ಟರು. "ಸೊನ್ನೆಗೆ ಯಾರಾದ್ರೂ ದುಡ್ಡು ತಗಂತಾರೇನಪ್ಪ? ಪೇಟೇಲಿ ನಾಕು ಜನದ ಮುಂದೆ ಕೇಳಾಣ ಬಾ" ಅಂದರು. ನನಗೂ ಸರಿ ಅನ್ನಿಸಿತು, ಸೊನ್ನೆಯನ್ನು ಬಿಟ್ಟುಕೊಟ್ಟೆ.

ಈ ಕೆಲಸದಲ್ಲಿ ಒಂದು ತೊಂದರೆ ಇದೆ. ಸ್ಟೀಲಿಗೆ ರಬ್ಬರ್ ಇಲ್ಲ. ತಪ್ಪಾದರೆ ತಪ್ಪೇ. ಗಿರಾಕಿ ಪಾತ್ರೆ ಬೇಡ ಅನ್ನುತ್ತಾನೆ, ಅಂಗಡಿಯವರು ವಾಪಸ್ ತಗೊಳ್ಳುವುದಿಲ್ಲ, ನಾನು ದುಡ್ಡು ಕೊಟ್ಟು ಮನೆಗೆ ಹೊತ್ತುಕೊಂಡು ಹೋಗುತ್ತೇನೆ. ಹೀಗಾಗಿ ನಮ್ಮ ಅಡಿಗೆಮನೆ ಅನ್ನುವುದು ನನ್ನ ಕಾಗುಣಿತ ತಪ್ಪುಗಳ ವಸ್ತುಸಂಗ್ರಹಾಲಯ. 'ವಿವಾಹದ ನೆನಪಿಗಾಗಿ' ಅಂತ ಬರೆಯುವಾಗ ಪಕ್ಕದಲ್ಲಿ ಯಾರೋ ಮಾತಾಡಿಸಿದರು ಅಂತ 'ವಿವಾದದ ನೆನಪಿಗಾಗಿ' ಆದ ಹಾಲಿನ ಪಾತ್ರೆ ಇದೆ. ಗಂಡ ಹೆಂಡತಿಗೆ ಕೊಡಬೇಕಿದ್ದ ಡಬ್ಬಿಯ ಮೇಲೆ 'ಪ್ರೀತಿಯಿಂದ' ಹೋಗಿ 'ಭೀತಿಯಿಂದ' ಆಗಿದೆ. ಆ ಗಂಡ ಮಾತ್ರ ಬಹಳ ಹೊತ್ತು ಅದನ್ನು ನೋಡಿ, "ಇದೂ ಸರಿನೇ ಐತೆ" ಅಂದರು. ಆದರೆ ತಗೊಂಡು ಹೋಗೋ ಧೈರ್ಯ ಅವರಿಗೆ ಬರಲಿಲ್ಲ. ಒಂದು ಡಜನ್ ತಟ್ಟೆಗಳ ಮೇಲೆ 'ಗೃಹಪ್ರವೇಶ'ದ ಬದಲು 'ಗ್ರಹಪ್ರವೇಶ' ಅಂತಿದೆ. ಅವುಗಳಲ್ಲಿ ಉಣ್ಣೋಕೆ ಶುರು ಮಾಡಿದ ಮೇಲೇ ನಮ್ಮ ಮನೆಗೆ ಶನಿ ರಾಹು ಎಲ್ಲ ಒಬ್ಬೊಬ್ಬರಾಗಿ ಒಳಗೆ ಬಂದರು ಅಂತ ನನ್ನ ಹೆಂಡತಿ ಗಿರಿಜಾಳ ಅಭಿಪ್ರಾಯ.

ಹೀಗೆ ಊರವರ ಹೆಸರೆಲ್ಲ ನಮ್ಮ ಮನೆಯಲ್ಲಿದ್ದರೂ ಒಂದೇ ಒಂದು ಪಾತ್ರೆಗೆ ಯಾವ ಹೆಸರೂ ಇರಲಿಲ್ಲ. ಅದು ಗಿರಿಜಾ ಮದುವೆಯಾಗಿ ಬರುವಾಗ ಭರಮಸಾಗರದ ತವರಿಂದ ತಂದ ಹಿತ್ತಾಳೆಯ ಕೊಳಗ. ನೂರು ಜನಕ್ಕೆ ಅನ್ನ ಬೇಯಿಸುವಂಥದ್ದು. ಎರಡು ಬಳೆ, ದಪ್ಪ ಕಂಠ, ಬೆರಳಲ್ಲಿ ತಟ್ಟಿದರೆ ಸುಮಾರು ಹೊತ್ತು ಗುಂಯ್ ಅನ್ನುತ್ತದೆ. ನಮ್ಮ ಬೀದಿಯಲ್ಲಿ ಯಾವ ನಾಮಕರಣ, ಯಾವ ಆರತಿ ಆದರೂ ಅದೇ ಹೋಗಬೇಕು. ಅದನ್ನು ಕೇಳಲು ಬಂದವರು "ಗಿರಿಜಮ್ಮಾರ, ಕೊಳಗ ಬೇಕಿತ್ತಲ್ರಿ" ಅನ್ನುವಾಗ ಅವಳ ಮುಖ ನೋಡಬೇಕು. ಮದುವೆಯಾದ ವರ್ಷವೇ ಅವಳು ಕೇಳಿದ್ದಳು: "ನಂದೊಂದು ಹೆಸರು ಹಾಕ್ಕೊಡ್ರಿ ಅದಕ್ಕೆ." ನಾಳೆ ಹಾಕೋಣ ಅಂದೆ. ಮೂವತ್ತು ವರ್ಷ ನಾಳೆ ಅಂದೆ. ದುಡ್ಡು ಕೊಡುವವರ ಪಾತ್ರೆಗಳು ಸಾಲಾಗಿ ಕಾಯುತ್ತಿರುವಾಗ ಹೆಂಡತಿಯ ಪಾತ್ರೆಗೆ ಏನು ಅವಸರ ಅನ್ನುವ ದುರಹಂಕಾರ, ಇನ್ನೇನು?

ಈಗ ಸಾಲದ ವಿಷಯಕ್ಕೆ ಬರುತ್ತೇನೆ. ಬರಬಾರದು ಅಂತಲೇ ಇಷ್ಟು ಹೊತ್ತು ಪಾತ್ರೆ ತೊಳೆದದ್ದು.

ಕೆಲವು ವರ್ಷಗಳ ಹಿಂದೆ ಕಂಪ್ಯೂಟರಿನ ಲೇಸರ್ ಮೆಷಿನ್ ಬಂತು. ಹೆಸರು ಟೈಪ್ ಮಾಡಿದರೆ ಸಾಕು, ಜೊತೆಗೆ ಗಣಪತಿಯ ಚಿತ್ರ, ವಧೂವರರ ಫೋಟೋ ಎಲ್ಲ ಬರುತ್ತದೆ ಅಂದರು. ನನಗೆ ಆಸೆ ಹುಟ್ಟಿತು. ಒಂದು ಫೈನಾನ್ಸಿನಿಂದ ಸಾಲ ಮಾಡಿ ತಂದೆ. ಆ ಮೆಷಿನ್ನಿಗೂ ನನಗೂ ಋಣ ಕೂಡಿಬರಲಿಲ್ಲ. ಅದಕ್ಕೆ ಕನ್ನಡದ ಒತ್ತಕ್ಷರ ಅಂದರೆ ಆಗದು. 'ಸಿದ್ದಪ್ಪ' ಅಂತ ಕೊಟ್ಟರೆ ಒತ್ತುಗಳನ್ನೆಲ್ಲ ಕಿತ್ತು ಪಕ್ಕಕ್ಕೆ ಸಾಲಾಗಿ ಜೋಡಿಸಿಡುತ್ತಿತ್ತು. ಆರು ತಿಂಗಳಲ್ಲಿ ಕೆಟ್ಟಿತು, ರಿಪೇರಿಗೆ ಹೋಯಿತು, ಸಾಲ ಕಟ್ಟುವುದು ನಿಂತಿತು, ವಾಪಸ್ಸು ಬರುವ ಮೊದಲು ಫೈನಾನ್ಸಿನವರೇ ಅದನ್ನು ತಗೊಂಡು ಹೋಗಿ ಮಾರಿದರು. ಮಾರಿ ಉಳಿದ ಬಾಕಿಗೆ ನಮ್ಮ ಊರಿನ ಕೋರ್ಟಿನಲ್ಲಿ ದಾವೆ ಹಾಕಿದರು. ನಾನು ಕೈಕಟ್ಟಿ ನಿಂತು ಬಾಕಿ ಇರುವುದು ನಿಜ ಅಂದೆ. ತಿಂಗಳು ತಿಂಗಳು ಇಷ್ಟಿಷ್ಟು ಕಟ್ಟಬೇಕು, ಒಂದು ಕಂತು ತಪ್ಪಿದರೂ ಪೂರ್ತಿ ಒಟ್ಟಿಗೆ ವಸೂಲಿ ಮಾಡಬಹುದು ಅಂತ ಡಿಕ್ರಿ ಆಯಿತು. ಕಂತು ಎಷ್ಟು ಕಟ್ಟುತ್ತೀರಿ ಅಂತ ಕೇಳಿದಾಗ ನಾನು ಧಾರಾಳವಾಗಿ ಒಂದು ಮೊತ್ತ ಹೇಳಿದೆ.

ಅಲ್ಲೇ ನಾನು ಎಡವಿದ್ದು. ನನ್ನನ್ನು ಕೇಳಿದ್ದು ವೈಶಾಖದಲ್ಲಿ. ವೈಶಾಖ ಅಂದರೆ ದಿನಕ್ಕೆ ಮೂರು ಮದುವೆ. ಜೇಬು ತುಂಬಿರುತ್ತದೆ, ಎದೆ ಉಬ್ಬಿರುತ್ತದೆ. ಇನ್ನೆರಡು ತಿಂಗಳಿಗೆ ಆಷಾಢ ಬರುತ್ತದೆ ಅನ್ನುವುದು ಆ ಹೊತ್ತಿಗೆ ತಲೆಗೇ ಹೋಗಲಿಲ್ಲ. ಆಷಾಢದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಪಾತ್ರೆ ಕೊಳ್ಳುವವರಿಲ್ಲ. ಹೊಸ ಹೆಣ್ಣುಮಕ್ಕಳು ತವರಿಗೆ ಹೋಗಿ ಕೂತಿರುತ್ತಾರೆ, ನಾನು ಜಗಲಿಯ ಮೇಲೆ ನೊಣ ಹೊಡೆಯುತ್ತಾ ಕೂತಿರುತ್ತೇನೆ. ಎಲ್ಲ ಕೆಲಸಕ್ಕೂ ಪಂಚಾಂಗ ನೋಡುವ ನಾನು ಸಾಲದ ಕಂತಿಗೆ ಮಾತ್ರ ಗೋಡೆಯ ಕ್ಯಾಲೆಂಡರ್ ನಂಬಿದೆ. ಕೋರ್ಟಿಗೆ ಆಷಾಢ ಇಲ್ಲ. ಒಂದು ಕಂತು ತಪ್ಪಿತು, ಅದರ ಹಿಂದೆ ಇನ್ನೂ ಮೂರು.

ಆಮೇಲೆ ಶುರುವಾಯಿತು ಫೋನು. ಮೊದಲು ಒಬ್ಬ ಹುಡುಗಿ ಬಹಳ ವಿನಯದಿಂದ "ಪರಮೇಶ್ವರಪ್ಪ ಸಾರ್ ಮಾತಾಡ್ತಿದೀರಾ?" ಅಂತ ಕೇಳುತ್ತಿದ್ದಳು. ನನ್ನ ಪೂರ್ತಿ ಹೆಸರನ್ನು ಅಷ್ಟು ಸ್ಪಷ್ಟವಾಗಿ, ಒತ್ತು ಬಿಡದೆ ಯಾರೂ ಕರೆದಿರಲಿಲ್ಲ. ಖುಷಿಯಿಂದ ಹೌದು ಅಂದುಬಿಡುತ್ತಿದ್ದೆ. ಮುಂದಿನ ವಾಕ್ಯದಲ್ಲಿ ಖುಷಿ ಇಳಿಯುತ್ತಿತ್ತು. ಆಮೇಲೆ ದಪ್ಪ ದನಿಯ ಒಬ್ಬ ಗಂಡಸು. ಅವನು ಏಕವಚನಕ್ಕೇ ಇಳಿದಿದ್ದ. ಆ ದಿನ ರಾತ್ರಿ ಊಟ ಸೇರಲಿಲ್ಲ. ಮರ್ಯಾದೆ ಅನ್ನುವುದು ಎಲ್ಲಿರುತ್ತದೆ ಅಂತ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವತ್ತು ಹೊಟ್ಟೆಯ ಹತ್ತಿರ ಎಲ್ಲೋ ನೋವಾಯಿತು.

ಕೊನೆಗೆ ಒಬ್ಬ ಮನುಷ್ಯನೇ ಬಂದ. ಹೆಸರು ಓಬಳೇಶ, ಫೈನಾನ್ಸಿನ ವಸೂಲಿಗಾರ, ಹಿರಿಯೂರು ತಾಲೂಕಿನ ಧರ್ಮಪುರದ ಕಡೆಯವನು, ಇಪ್ಪತ್ತೇಳೋ ಇಪ್ಪತ್ತೆಂಟೋ ವಯಸ್ಸು. ಬೈಕ್ ನಿಲ್ಲಿಸಿ, ಗಟ್ಟಿಮುಖ ಮಾಡಿಕೊಂಡು ನಮ್ಮ ಪಡಸಾಲೆಗೆ ಬಂದ. ಮುಖ ಗಟ್ಟಿ ಮಾಡುವುದನ್ನು ಅವನಿಗೆ ಟ್ರೈನಿಂಗ್‌ನಲ್ಲಿ ಹೇಳಿಕೊಟ್ಟಿರಬೇಕು, ಪಾಪ, ಅದು ಅವನ ಮುಖಕ್ಕೆ ಒಗ್ಗಿರಲಿಲ್ಲ. ಬೋರಲು ಹಾಕಿದ್ದ ಕೊಳಗದ ಮೇಲೆ ಕೂರಲು ಹೋದ.

"ಏಯ್ ಏಳಪ್ಪ, ಅದು ಅನ್ನ ಬೇಯಿಸೋದು" ಅಂದಳು ಗಿರಿಜಾ.

ಅವನು ಧಡಕ್ಕನೆ ಎದ್ದ. ಕೊಳಗವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. "ಗೊತ್ತಾಗ್ಲಿಲ್ಲ ಅಮ್ಮ." ಆಮೇಲೆ ವಸೂಲಿ ಮಾತು ಹೇಗೆ ಶುರು ಮಾಡಬೇಕು ಅಂತ ಅವನಿಗೂ ತಿಳಿಯಲಿಲ್ಲ, ನಮಗೂ ತಿಳಿಯಲಿಲ್ಲ. ಗಿರಿಜಾ ಟೀ ಕೊಟ್ಟಳು. ಅವನು ಲೋಟದ ಮೇಲಿದ್ದ ಹೆಸರು ಓದಿದ. ಅದು ನಮ್ಮದಲ್ಲ ಅಂತ ಗೊತ್ತಾಗಿ ನನ್ನ ಮುಖ ನೋಡಿದ. ಹೋಗುವಾಗ, "ಅಂಕಲ್, ನಮ್ಮ ಸಾಹೇಬ್ರು ಕೋರ್ಟಿಂದ ಜಪ್ತಿ ತರ್ತಾರೆ. ಏನಾರ ಮಾಡ್ಕಳ್ರಿ" ಅಂದ. ಹೆದರಿಸಲು ಹೇಳಿದ್ದೋ ಕಾಳಜಿಯಿಂದ ಹೇಳಿದ್ದೋ ಇವತ್ತಿಗೂ ಗೊತ್ತಿಲ್ಲ. ಎರಡೂ ಇದ್ದಿರಬಹುದು.

ಜಪ್ತಿ ಬಂದದ್ದು ಕಾರ್ತೀಕದಲ್ಲಿ. ಬೆಳಗಿನ ಹತ್ತೂವರೆಗೆ ಓಬಳೇಶನ ಜೊತೆ ಕೋರ್ಟಿನ ಅಮೀನರು ಬಂದರು. ಅಮೀನರು ಅಂದರೆ ಕೋರ್ಟಿನ ವಾರಂಟ್ ಹಿಡಿದು ಮನೆಮನೆಗೆ ಹೋಗಿ ಸಾಮಾನು ಜಪ್ತಿ ಮಾಡುವ ನೌಕರರು. ಎತ್ತರದ ದನಿಯ, ಮೀಸೆಯ ಒಬ್ಬರನ್ನು ನಾನು ಮನಸ್ಸಿನಲ್ಲಿ ಚಿತ್ರಿಸಿಕೊಂಡಿದ್ದೆ. ಬಂದವರು ನಿವೃತ್ತಿಗೆ ಹತ್ತಿರವಾದ, ಮಂಡಿನೋವಿನ, ಸಣ್ಣ ದನಿಯ ಮನುಷ್ಯ. ಬಾಗಿಲಲ್ಲೇ ಚಪ್ಪಲಿ ಬಿಟ್ಟರು. "ಪರಮೇಶ್ವರಪ್ಪ ಅಂದ್ರೆ ನೀವೇ ಏನ್ರಿ?" ಅಂತ ಕೇಳಿ ವಾರಂಟ್ ತೋರಿಸಿದರು. ಚಾಳಿ ಬಿಡಬೇಕಲ್ಲ, ನಾನು ಮೊದಲು ಕಾಗುಣಿತ ನೋಡಿದೆ. ತಪ್ಪಿದ್ದರೆ ಇದು ನಾನಲ್ಲ ಅನ್ನಬಹುದಿತ್ತು. ಒಂದೂ ತಪ್ಪಿರಲಿಲ್ಲ.

ಅಮೀನರು ಕೂತು, ಬೆವರು ಒರೆಸಿಕೊಂಡು, ಏನೇನು ಜಪ್ತಿ ಮಾಡುವ ಹಾಗಿಲ್ಲ ಅಂತ ಅವರೇ ವಿವರಿಸಿದರು. ಉಟ್ಟ ಬಟ್ಟೆ, ಹಾಸಿಗೆ, ಹೆಂಡತಿಯ ತಾಳಿ, ಮನೆಮಂದಿಗೆ ಬೇಕಾದಷ್ಟು ಅಡಿಗೆ ಪಾತ್ರೆ, ಕಸುಬುದಾರನ ಉಪಕರಣ. ಕೇಳುತ್ತಾ ಕೇಳುತ್ತಾ ನನಗೆ ಕಾನೂನಿನ ಮೇಲೆ ಪ್ರೀತಿ ಹುಟ್ಟಿತು. ಇದನ್ನು ಬರೆದವನು ಯಾರೋ ಏನೋ, ಅವನಿಗೊಂದು ಮನೆ ಇತ್ತು, ಮನೆಯಲ್ಲಿ ಹೆಂಡತಿ ಇದ್ದಳು, ಅವನು ಬರೆಯುವಾಗ ಅವಳು ಪಕ್ಕದಲ್ಲಿ ನಿಂತಿದ್ದಳು. ನನ್ನ ಹೆಸರು ಹಾಕುವ ಮೆಷಿನ್ ಬಚಾವಾಯಿತು. ಉಳಿದದ್ದು ಅಡಿಗೆಮನೆಯ ಗೋಡೆ ತುಂಬ ಸಾಲಾಗಿ ಜೋಡಿಸಿದ್ದ ಪಾತ್ರೆಗಳು. ಇಬ್ಬರ ಸಂಸಾರಕ್ಕೆ ಇಷ್ಟೊಂದು ಬೇಕಿಲ್ಲ ಅನ್ನುವುದು ಕುರುಡನಿಗೂ ಕಾಣುವಂತಿತ್ತು.

ಅಮೀನರು ಪಂಚನಾಮೆ ಬರೆಯಲು ಕೂತರು. ಓಬಳೇಶ ಒಂದೊಂದನ್ನೇ ಇಳಿಸಿ ಓದಿ ಹೇಳತೊಡಗಿದ.

"ಸ್ಟೀಲ್ ಡಬ್ಬಿ ಒಂದು. ತಿಪ್ಪೇಸ್ವಾಮಿ ಮತ್ತು ಸಹೋದರರು."

"ಮುಂದೆ."

"ಕೊಡ ಒಂದು. ಹಾಲಮ್ಮ, ಆದಿವಾಲ. ಹಾಲಿನ ಪಾತ್ರೆ ಒಂದು. ವಿವಾದದ ನೆನಪಿಗಾಗಿ."

ಅಮೀನರು ಪೆನ್ನು ನಿಲ್ಲಿಸಿದರು. "ಏನದು?"

"ಹಂಗೇ ಐತೆ ಸಾರ್. ತಟ್ಟೆ ಹನ್ನೆರಡು, ಗ್ರಹಪ್ರವೇಶ." ಓಬಳೇಶನಿಗೆ ಈಗ ಅನುಮಾನ ಬಂದಿತ್ತು. ದನಿ ತಗ್ಗಿಸಿದ. "ಸಾರ್, ಈ ಮನೇಲಿ ಒಂದೂ ಇವರ ಹೆಸರಲ್ಲಿ ಇಲ್ಲ. ಇದು ಬೇನಾಮಿ ಸಾರ್!"

ನಗಬಾರದ ಹೊತ್ತು ಅದು, ಆದರೂ ನಗು ಬಂತು. ದೊಡ್ಡ ದೊಡ್ಡವರು ಬೆಂಗಳೂರಲ್ಲಿ ಸೈಟುಗಳನ್ನು ಬೇನಾಮಿ ಮಾಡುತ್ತಾರೆ ಅಂತ ಪೇಪರಿನಲ್ಲಿ ಓದಿದ್ದೆ. ನಾನು ಹೊಳಲ್ಕೆರೆಯಲ್ಲಿ ಕೂತು ಸಾರಿನ ಸೌಟುಗಳನ್ನು ಬೇನಾಮಿ ಮಾಡಿದ್ದೆ. ಇಡೀ ಮನೆಯಲ್ಲಿ ನನ್ನ ಹೆಸರಿದ್ದ ವಸ್ತು ಅಂದರೆ ಅಮೀನರ ಕೈಲಿದ್ದ ವಾರಂಟ್ ಒಂದೇ. ಒಂದೊಂದೂ ನನ್ನ ತಪ್ಪಿನಿಂದ ನಮಗೆ ಬಂದದ್ದು, ಇವೆಲ್ಲ ನಮ್ಮವೇ ಅಂತ ನಾನೇ ಒಪ್ಪಿಕೊಂಡೆ. ಅಮೀನರು ಎಲ್ಲ ಕೇಳಿ, 'ಭೀತಿಯಿಂದ' ಡಬ್ಬಿಯನ್ನು ಕೈಯಲ್ಲಿ ಹಿಡಿದು ಮುಸಿಮುಸಿ ನಕ್ಕರು. ಬೇರೆಯವರ ಹೆಸರಿನ ಪಾತ್ರೆಗಳನ್ನು ಹರಾಜಿಗೆ ಹಾಕಿದರೆ ಯಾರೂ ಕೂಗುವುದಿಲ್ಲ, ಹೆಸರಿನವರು ಬಂದು ತಗಾದೆ ಮಾಡಿದರೆ ತಮ್ಮ ತಲೆ ಮೇಲೆ ಬರುತ್ತದೆ, ಇವು ಬೇಡ ಅಂದರು. ಬದುಕಿದೆ ಅಂದುಕೊಂಡೆ.

ಆಗ ಓಬಳೇಶ ತನ್ನ ಕಾಗದ ನೋಡಿದ. ಅವನ ಸಾಹೇಬರು ಅವನಿಂದಲೇ ಕೇಳಿ ಬರೆಸಿದ್ದ ಪಟ್ಟಿ ಅದು. ಅವನು ನಮ್ಮ ಮುಖ ನೋಡದೆ ಓದಿದ: "ಹಿತ್ತಾಳೆ ಕೊಳಗ ಒಂದು, ದೊಡ್ಡದು."

ಗಿರಿಜಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಕೊಳಗ ಮನೆಯಲ್ಲಿರಲಿಲ್ಲ. ಮೂರು ಮನೆ ಆಚೆ ಕರಿಯಮ್ಮನ ಮೊಮ್ಮಗುವಿಗೆ ಅವತ್ತು ನಾಮಕರಣ. ಕರಿಯಮ್ಮ ನಮ್ಮ ಬೀದಿಯ ಹಿರಿಯಾಕೆ, ಕುರಿ ಸಾಕಿ ನಾಲ್ಕು ಮಕ್ಕಳನ್ನು ದಡ ಮುಟ್ಟಿಸಿದವಳು, ಯಾರಿಗೂ ಹೆದರುವವಳಲ್ಲ. ಹಿಂದಿನ ಸಂಜೆಯೇ ಕೊಳಗ ಅಲ್ಲಿಗೆ ಹೋಗಿತ್ತು. "ಎಲ್ಲೈತೆ?" ಅಂತ ಅಮೀನರು ಕೇಳಿದರು. ಸುಳ್ಳು ಹೇಳಲು ಗಿರಿಜಾಳಿಗೆ ಬರುವುದಿಲ್ಲ, ನನಗೆ ಬರುತ್ತದೆ, ಆದರೆ ಅಷ್ಟರಲ್ಲಿ ಅವಳು ಕರಿಯಮ್ಮನ ಮನೆ ಕಡೆ ಕೈ ತೋರಿಸಿಬಿಟ್ಟಿದ್ದಳು. ಎಲ್ಲರೂ ಅಲ್ಲಿಗೆ ಹೋದೆವು.

ಶಾಮಿಯಾನದ ಕೆಳಗೆ ಜನ ಕೂತಿದ್ದರು. ಕಲ್ಲಿನ ಒಲೆಯ ಮೇಲೆ ಕೊಳಗ ತುಂಬ ಅನ್ನ ಕುದಿಯುತ್ತಿತ್ತು. ಕರಿಯಮ್ಮ ನಮ್ಮ ಹಿಂದೆ ಬರುತ್ತಿದ್ದ ಇಬ್ಬರನ್ನು ನೋಡಿ ನಮ್ಮ ಕಡೆಯ ನೆಂಟರು ಅಂದುಕೊಂಡಳು. "ಬರ್ರಿ ಬರ್ರಿ, ಕುಂತ್ಕಳ್ರಿ, ಇನ್ನೇನು ಎಲೆ ಹಾಕ್ತೀವಿ. ಗಿರಿಜಮ್ಮ, ನಿಮ್ಮಣ್ಣಾರೇನವ್ವ ಇವ್ರು?" ಅಮೀನರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ನೂರು ಜನದ ಮುಂದೆ ಒಲೆಯ ಮೇಲಿನ ಅನ್ನ ಚೆಲ್ಲಿಸಿ ಕೊಳಗ ಹೊರಿಸಿಕೊಂಡು ಹೋಗುವ ಅಧಿಕಾರ ಅವರಿಗಿತ್ತೋ ಇಲ್ಲವೋ, ಮನಸ್ಸು ಮಾಡಿದ್ದರೆ ಯಾರೂ ತಡೆಯುತ್ತಿರಲಿಲ್ಲ. ಅವರು ನಿಧಾನಕ್ಕೆ ಕುರ್ಚಿಯ ಮೇಲೆ ಕೂತರು. "ಊಟ ಆಗ್ಲಿ. ಅನ್ನ ಇರೋ ಪಾತ್ರೆ ನಾನು ಮುಟ್ಟಲ್ಲ" ಅಂದರು ಮೆಲ್ಲಗೆ. ಎಲೆ ಹಾಕಿದಾಗ ಮಾತ್ರ ಕೂರಲಿಲ್ಲ, ಕೆಲಸದ ಮೇಲೆ ಬಂದ ಕಡೆ ಉಣ್ಣಲ್ಲ ಅಂದರು. ಓಬಳೇಶ ಕೂತ, ಎರಡು ಸಲ ಪಾಯಸ ಹಾಕಿಸಿಕೊಂಡ.

ಆ ಸಮಯದಲ್ಲಿ ಅಮೀನರು ಗಿರಿಜಾಳನ್ನು ಕೇಳಿದರು. "ಕೊಳಗ ನಿಮ್ಮ ತವರಿಂದಾ ತಾಯಿ?"

"ಹೂಂ ರೀ. ನಮ್ಮವ್ವ ಕೊಟ್ಟಿದ್ದು."

"ಹೆಂಡತಿ ತವರಿಂದ ತಂದಿದ್ದು ಗಂಡನ ಸಾಲಕ್ಕೆ ಬರಾಕಿಲ್ಲ. ಹೆಸರು ಹಾಕೈತೇನ್ರಿ ಅದರ ಮ್ಯಾಲೆ? ಇದ್ರೆ ಹಂಗೇ ಬರ್ಕಂಡು ಹೊಂಟೋಗ್ತೀನಿ."

ಗಿರಿಜಾ ಕೊಳಗದ ಕಡೆ ನೋಡಿದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದ್ದರೆ ಎಷ್ಟೋ ವಾಸಿಯಿತ್ತು. ಹತ್ತು ಊರಿನ ಹೆಸರು ಬರೆದ ಈ ಕೈ ನಾಲ್ಕೇ ನಾಲ್ಕು ಅಕ್ಷರ ಬರೆದಿದ್ದರೆ, ಸೊನ್ನೆ ಇಲ್ಲ, ಒಂದೇ ಒಂದು ಒತ್ತು, ಅವಳ ಕೊಳಗ ಅವಳದಾಗಿ ಉಳಿಯುತ್ತಿತ್ತು.

ನನಗೊಂದು ಉಪಾಯ ಹೊಳೆಯಿತು. ಅವಳನ್ನು ಶಾಮಿಯಾನದ ಮರೆಗೆ ಕರೆದು ಪಿಸುಗುಟ್ಟಿದೆ. "ಅನ್ನ ಖಾಲಿ ಆದ ತಕ್ಷಣ ತೊಳೆಯೋ ನೆಪ ಮಾಡಿ ಮನೆಗೆ ತಂದುಬಿಡೋಣ. ಮೆಷಿನ್ ಇದೆ. ಎರಡೇ ನಿಮಿಷದ ಕೆಲಸ. ಹುಣಸೆಹಣ್ಣು ಹಾಕಿ ತಿಕ್ಕಿದರೆ ಹಳೇದರ ಹಾಗೆ ಕಾಣುತ್ತೆ."

ಅವಳು ಹೇಳಿದಳು: "ಮೂವತ್ತು ವರ್ಷ ಬರದಿದ್ ಹೆಸರು, ಅಮೀನರು ಬಂದ್ ದಿನ ಬರಾದು ಬ್ಯಾಡ."

ಜೋರಾಗಿ ಬೈದಿದ್ದರೆ ತಿರುಗಿ ಏನಾದರೂ ಅನ್ನುತ್ತಿದ್ದೆ. ನನಗೆ ಅಳು ಬಂತು. ಶಾಮಿಯಾನದ ಕಂಬ ಹಿಡಿದು ಸ್ವಲ್ಪ ಹೊತ್ತು ಆ ಕಡೆ ತಿರುಗಿ ನಿಂತೆ. ಯಾರಾದರೂ ಕೇಳುವ ಮೊದಲೇ ಒಲೆಯ ಹೊಗೆ ಅಂತ ಹೇಳಿಬಿಟ್ಟೆ.

ಊಟ ಮುಗಿಯಿತು. ಕೊಳಗ ತೊಳೆದು ಬೋರಲು ಹಾಕಿದರು. ಅಮೀನರು ಕರಿಯಮ್ಮನಿಗೆ ವಿಷಯ ತಿಳಿಸಿದರು, ಬೀದಿಗೆಲ್ಲ ಗೊತ್ತಾಯಿತು. ಹೆಂಡತಿಯದು ಅಂತ ಕೋರ್ಟಿನಲ್ಲಿ ಅರ್ಜಿ ಹಾಕಿ ಸಾಕ್ಷಿ ಕೊಟ್ಟು ಬಿಡಿಸಿಕೊಳ್ಳಬಹುದು, ಅಲ್ಲಿಯವರೆಗೆ ಜಪ್ತಿಯಲ್ಲಿರಲಿ ಅಂದರು. ಹೊತ್ತುಕೊಂಡು ಹೋಗಲು ಅವರ ಮಂಡಿಗೂ ಆಗುತ್ತಿರಲಿಲ್ಲ, ಮನಸ್ಸಿಗೂ ಆಗುತ್ತಿರಲಿಲ್ಲ. ಹಾಗಾಗಿ ಕೊಳಗವನ್ನು ಕರಿಯಮ್ಮನ ಸುಪರ್ದಿಗೆ ಒಪ್ಪಿಸಿದರು. ಅಂದರೆ ಕೋರ್ಟ್ ಕೇಳಿದಾಗ ತಂದೊಪ್ಪಿಸುತ್ತೇನೆ ಅಂತ ಅವಳು ಬರೆದುಕೊಡಬೇಕು. ಅಲ್ಲಿಯವರೆಗೆ ಬಳಸುವ ಹಾಗಿಲ್ಲ, ಯಾರಿಗೂ ಕೊಡುವ ಹಾಗಿಲ್ಲ.

"ಹಂಗಾರೆ ಇದು ಈಗ ಯಾರ್ದು?" ಅಂತ ಕರಿಯಮ್ಮ ಕೇಳಿದಳು.

"ಸದ್ಯಕ್ಕೆ ಕೋರ್ಟಿಂದು ಅಂತ ತಿಳ್ಕಳಮ್ಮ."

"ಕೋರ್ಟಿನೋರ ಮನೇಲಿ ಏನಾರ ಕಾರ್ಯ ಐತಾ?"

"ಇಲ್ಲ."

"ಮತ್ಯಾಕೆ ಅವ್ರಿಗೆ ಕೊಳಗ?" ಅಂದಳು. ಆದರೂ ಹೆಬ್ಬೆಟ್ಟು ಒತ್ತಿದಳು. ಓಬಳೇಶ ಕೈ ತೊಳೆದು ಬಂದು ಸಾಕ್ಷಿ ಅಂತ ಸಹಿ ಹಾಕಿದ. ಅವನ ಕಣ್ಣು ಗಿರಿಜಾಳ ಕಡೆ ಹೋಗಲು ಅಂಜುತ್ತಿತ್ತು.

ಅರ್ಜಿ ಹಾಕೋಣ ಅಂತ ನಾನು ಹೇಳಿದೆ. ಗಿರಿಜಾ ಬೇಡವೆಂದಳು. "ಬಾಕಿ ಇರಾದು ನಿಜ ತಾನೇ? ಕಟ್ರಿ, ಬಿಡಿಸ್ಕಂಡ್ ಬರ್ರಿ." ಹಾಗಾಗಿ ಆ ಕಾರ್ತೀಕ, ಮಾರ್ಗಶಿರವೆಲ್ಲ ನಾನು ಮೆಷಿನ್ನನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ. ಒಂದು ದಿನ ದುರ್ಗ, ಒಂದು ದಿನ ಹೊಸದುರ್ಗ, ಸಂತೆಯ ದಿನ ಹಿರಿಯೂರು. ಯಾವ ಪಾತ್ರೆ ಅಂಗಡಿಯಲ್ಲಿ ಮದುವೆ ಗಿರಾಕಿ ಹೆಚ್ಚೋ ಅಲ್ಲಿ ಜಗಲಿಯ ಮೇಲೆ ಒಂದು ಸ್ಟೂಲು. ಈ ವಯಸ್ಸಿನಲ್ಲಿ ಅಲೆದಾಡುವುದು ಕಷ್ಟ ಅಂತ ಹೇಳಬೇಕು, ಆದರೆ ನಿಜ ಹೇಳಿದರೆ ಚೆನ್ನಾಗಿತ್ತು. ಊರೂರಿನ ಹೆಸರು, ಊರೂರಿನ ಚೌಕಾಸಿ. ಎಲ್ಲೂ ಕಾಗುಣಿತ ತಪ್ಪಲಿಲ್ಲ. ಒಂದು ತಟ್ಟೆ ಕೆಟ್ಟರೆ ಕೊಳಗ ಒಂದು ದಿನ ಹಿಂದಕ್ಕೆ ಹೋಗುತ್ತದೆ ಅನ್ನುವ ಲೆಕ್ಕ ತಲೆಯಲ್ಲಿತ್ತು.

ಈ ನಡುವೆ ಓಬಳೇಶ ಒಂದು ದಿನ ಹಿರಿಯೂರಿನ ಅಂಗಡಿಯ ಮುಂದೆ ಬೈಕ್ ನಿಲ್ಲಿಸಿದ. ನಾನು ಮೆಷಿನ್ನನ್ನು ಚೀಲಕ್ಕೆ ತುರುಕತೊಡಗಿದೆ. ಅವನು ಬಂದದ್ದು ಪಾತ್ರೆ ಕೊಳ್ಳಲು, ತಂಗಿಯ ಮದುವೆ. ಇಪ್ಪತ್ತೊಂದು ಪಾತ್ರೆಗೆ ಹೆಸರು ಹಾಕಿಸಿದ. ದುಡ್ಡು ಕೊಡುವಾಗ ಒತ್ತಕ್ಷರ ಬೇರೆ ಬೇರೆಯಾಗಿ ಎಣಿಸಿದ, ಸೊನ್ನೆಗಳನ್ನೂ ಸೇರಿಸಿದ. "ಸೊನ್ನೆಗೆ ತಗಳಲ್ಲ ಮಾರಾಯ" ಅಂದರೂ ಕೇಳಲಿಲ್ಲ. "ಇರ್ಲಿ ತಗಳ್ರಿ ಅಂಕಲ್, ಹೆಂಗೂ ನನ್ನ ಹತ್ರನೇ ವಾಪಸ್ ಬರ್ತೈತೆ" ಅಂದ. ಬಂತು ಕೂಡ. ಮುಂದಿನ ವಾರ ಕಟ್ಟಿದ ಹಣದಲ್ಲಿ ಅವನ ನೋಟುಗಳೂ ಇದ್ದವು.

ತಪ್ಪಿದ ಕಂತುಗಳೆಲ್ಲ ಚುಕ್ತಾ ಆದವು. ಉಳಿದದ್ದನ್ನು ಮೊದಲಿನ ಹಾಗೆ ಕಂತಿನಲ್ಲೇ ಕಟ್ಟಲು ಫೈನಾನ್ಸಿನ ವಕೀಲರು ಒಪ್ಪಿ, ಜಪ್ತಿ ತೆರವಾಯಿತು. ಕರಿಯಮ್ಮ ಕೊಳಗವನ್ನು ತಾನೇ ತಲೆಯ ಮೇಲೆ ಹೊತ್ತು ತಂದು ನಮ್ಮ ಪಡಸಾಲೆಯಲ್ಲಿ ಇಳಿಸಿದಳು. ನಾನು ಒಂದು ಮಾತೂ ಆಡದೆ ಮೆಷಿನ್ ತಂದು ಕೂತೆ. ಏನಂತ ಬರೆಯಲಿ ಅಂತ ಕೇಳಿದೆ. 'ಪರಮೇಶ್ವರಪ್ಪನವರ ಧರ್ಮಪತ್ನಿ' ಅಂತ ಶುರುವಾಗಬಹುದು ಅನ್ನುವ ಒಂದು ಸಣ್ಣ ಆಸೆ ನನಗಿತ್ತು. "ಗಿರಿಜಮ್ಮ, ಭರಮಸಾಗರ. ಅಷ್ಟೇ ಸಾಕು" ಅಂದಳು. ಅಷ್ಟೇ ಬರೆದೆ. 'ಜ' ಸ್ವಲ್ಪ ಸೊಟ್ಟಗಾಗಿದೆ, ದೂರದಿಂದ ಕಾಣುವುದಿಲ್ಲ.

ಕೊನೆಯ ಕಂತು ಕಟ್ಟಿದ್ದು ಮೊನ್ನೆ ಮೊನ್ನೆ. ಮಧ್ಯಾಹ್ನ ಕೋರ್ಟಿನಲ್ಲಿ ವಕೀಲರು ಒಂದು ಹಾಳೆಗೆ ಸಹಿ ಹಾಕಿ ಕೊಟ್ಟರು. ಗುಮಾಸ್ತರು ಓದಿದರು: ಡಿಕ್ರಿಯು ಪೂರ್ಣ ತೃಪ್ತಿಯಾಗಿದೆ. ನಾನು ಇನ್ನೊಂದು ಸಲ ಓದಿಸಿಕೊಂಡೆ. ಕೋರ್ಟಿನಲ್ಲಿ ಸಾಲ ತೀರಿತು ಅನ್ನುವುದಿಲ್ಲವಂತೆ, ತೃಪ್ತಿಯಾಯಿತು ಅನ್ನುತ್ತಾರಂತೆ. ಇಷ್ಟು ವರ್ಷದಲ್ಲಿ ಪಾತ್ರೆಗಳ ಮೇಲೆ ಪ್ರೀತಿ ಬರೆದಿದ್ದೇನೆ, ನೆನಪು ಬರೆದಿದ್ದೇನೆ, ಶುಭಾಶಯ, ಆಶೀರ್ವಾದ ಎಲ್ಲ ಬರೆದಿದ್ದೇನೆ. ತೃಪ್ತಿ ಅಂತ ಬರೆಯಿರಿ ಅಂತ ಒಬ್ಬ ಗಿರಾಕಿಯೂ ಕೇಳಿಲ್ಲ. ಮನುಷ್ಯರು ಹೇಳಲು ಸಂಕೋಚ ಪಡುವುದನ್ನು ಕೋರ್ಟು ಮೊಹರು ಒತ್ತಿ ಹೇಳುತ್ತದೆ ಅನ್ನುವುದು ನನಗೆ ಬಹಳ ಹಿಡಿಸಿತು. ದಾರಿಯುದ್ದಕ್ಕೂ ಆ ಹಾಳೆಯನ್ನು ಮಡಿಸಲಿಲ್ಲ, ಕೈಯಲ್ಲೇ ಹಿಡಿದುಕೊಂಡು ಮನೆಗೆ ಬಂದೆ.

ಗಿರಿಜಾ ಊಟಕ್ಕೆ ಕಾಯುತ್ತಾ ಕೂತಿದ್ದಳು. ನಾನು ನಿಂತುಕೊಂಡೇ ಗತ್ತಿನಿಂದ ಓದಿ ಹೇಳಿದೆ.

"ಯಾರಿಗೆ ತೃಪ್ತಿ ಆತಂತೆ?"

"ಸಾಲ ಕೊಟ್ಟವರಿಗೆ. ನೋಡು, ಸಹಿ ಹಾಕಿ ಬರೆದುಕೊಟ್ಟಿದ್ದಾರೆ."

ಅವಳು ಹಾಳೆ ತಗೊಂಡು ಸಹಿಯನ್ನು, ಮೊಹರನ್ನು ಬೆರಳಲ್ಲಿ ಮುಟ್ಟಿ ನೋಡಿದಳು.

"ನಾಕೇ ಕಂತು ತಡ ಮಾಡಿದ್ ನಿಮಗೆ ಅವ್ರು ತೃಪ್ತಿ ಆತು ಅಂತ ಬರ್ಕೊಟ್ರು. ಮೂವತ್ತು ವರ್ಷ ಒಂದು ಹೊತ್ತೂ ತಪ್ಪಿಸ್ದಂಗೆ ಬಡಿಸೀನಿ. ನನಗೆ ಯಾವತ್ತಾರ ಬರ್ಕೊಟ್ಟೀರಾ?"

ನಾನು ಜೇಬಿಗೆ ಕೈ ಹಾಕಿ ಪೆನ್ನು ಹುಡುಕತೊಡಗಿದೆ.

"ಮೊದ್ಲು ಕುಂತ್ಕಂಡು ಉಣ್ರಿ" ಅಂದಳು. "ಉಂಡ ಮ್ಯಾಲೆ ಬರ್ದೀರಂತೆ."